ಎರಡಾಣೆಯ ಪಾಠ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಹನಿಗಳನ್ನು ಕೂಡಿಸುವ ಬಗೆ ಯಾವುದು, ಕೂಡಿದ ನೀರಿಗೆ ಕಟ್ಟೆ ಎಷ್ಟು ಭದ್ರ ಎಂಬ ಎರಡು ಪ್ರಶ್ನೆಗಳಿಗೆ ಗಾದೆ ಉತ್ತರ ಹೇಳುವುದಿಲ್ಲ. ಮೊದಲನೆಯದಕ್ಕೆ ಉಡುಪಿಯ ಒಂದು ಸಣ್ಣ ಸಂಸ್ಥೆ 1928ರಷ್ಟು ಹಿಂದೆಯೇ ಸೊಗಸಾದ ಉತ್ತರವನ್ನು ಕಂಡುಕೊಂಡಿತು. ಎರಡನೆಯದರ ಉತ್ತರವನ್ನು ಮಾತ್ರ ಪ್ರತಿಯೊಂದು ಸಂಸಾರವೂ ತಾನೇ ವಿಚಾರಿಸಿ ತಿಳಿಯಬೇಕಾಗಿದೆ.

ಮನೆಯ ಬಾಗಿಲಿಗೆ ಬಂದ ಬ್ಯಾಂಕು

ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಲುಕಿದ್ದ ಕಾಲದಲ್ಲಿ, ಅವರಿಗೆ ನೆರವಾಗಬೇಕೆಂಬ ಉದ್ದೇಶದಿಂದ ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ. ಎಂ. ಎ. ಪೈ ಈ ಮೂವರು ಸೇರಿ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಅದರ ಮೂಲ ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ದೇಶದಲ್ಲೆಲ್ಲಾ ಹೆಸರಾಗಿ, 1969ರಲ್ಲಿ ರಾಷ್ಟ್ರೀಕೃತವಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ ಇದೇ.

ದಿನಗೂಲಿಯವನೂ ಬೀದಿಯ ವ್ಯಾಪಾರಿಯೂ ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚಪಡುತ್ತಿದ್ದ ಆ ದಿನಗಳಲ್ಲಿ, ಬ್ಯಾಂಕೇ ಅವರ ಬಾಗಿಲಿಗೆ ಹೋಗತಕ್ಕದ್ದೆಂಬ ಆಲೋಚನೆಯಿಂದ 1928ರಲ್ಲಿ ಪಿಗ್ಮಿ ಠೇವಣಿ ಜನ್ಮ ತಾಳಿತು. ಏಜೆಂಟರು ಪ್ರತಿದಿನವೂ ಮನೆಮನೆಗೆ ಹೋಗಿ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಹಿಸತೊಡಗಿದರು. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಏಳು ವರ್ಷಕ್ಕೆ, ಬಡ್ಡಿಯನ್ನು ಬಿಟ್ಟೇ, 319 ರೂಪಾಯಿ 6 ಆಣೆ. ಅಷ್ಟನ್ನು ಒಮ್ಮೆಗೇ ಕೊಡೆಂದಿದ್ದರೆ ಯಾವ ಕೂಲಿಕಾರನೂ ಕೊಡಲಾರದೆ ಹೋಗುತ್ತಿದ್ದನು.

ಈ ಯೋಜನೆಯ ಗುಟ್ಟು ಬಡ್ಡಿಯಲ್ಲಿಲ್ಲ, ಕ್ರಮದಲ್ಲಿದೆ. ಖರ್ಚು ಮಾಡಿ ಉಳಿದುದನ್ನು ಕೂಡಿಡುತ್ತೇನೆನ್ನುವವನಿಗೆ ಎಂದೂ ಏನೂ ಉಳಿಯುವುದಿಲ್ಲ. ಕೂಡಿಟ್ಟು ಉಳಿದುದನ್ನು ಖರ್ಚು ಮಾಡುವವನಿಗೆ ಅಷ್ಟರಲ್ಲೇ ಸಂಸಾರ ಸಾಗುತ್ತದೆ. ತಿಂಗಳ ಸಂಬಳದವರು ಸಂಬಳ ಬಂದ ದಿನವೇ ಒಂದು ಪಾಲನ್ನು ಬೇರೆ ಖಾತೆಗೆ ವರ್ಗಾಯಿಸುವುದು ಈ ಎರಡಾಣೆಯ ಪಾಠವೇ ಸರಿ.

ಬಡ್ಡಿಯ ಎರಡು ಮುಖಗಳು

ಚಕ್ರಬಡ್ಡಿಯ ಲೆಕ್ಕಕ್ಕೆ ಒಂದು ಸುಲಭ ಸೂತ್ರವುಂಟು. 72ನ್ನು ವಾರ್ಷಿಕ ಬಡ್ಡಿಯ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾಗುವ ವರ್ಷಗಳ ಅಂದಾಜು ದೊರೆಯುತ್ತದೆ. ನೂರಕ್ಕೆ ಆರರಂತೆ ಬಡ್ಡಿ ಬಂದರೆ 12 ವರ್ಷ. ಎಂಟರಂತೆ ಬಂದರೆ 9 ವರ್ಷ. ಇದೇ ಸೂತ್ರವನ್ನು ಸಾಲಕ್ಕೆ ಅನ್ವಯಿಸಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ ತೀರಿಸದೆ ಉಳಿದರೆ ಎರಡೇ ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ಆದುದರಿಂದ ಇಂತಹ ಸಾಲವುಳ್ಳವರಿಗೆ ಅದನ್ನು ತೀರಿಸುವುದಕ್ಕಿಂತ ಲಾಭಕರವಾದ ಹೂಡಿಕೆ ಇನ್ನೊಂದಿಲ್ಲ.

ಬೆಲೆಯೇರಿಕೆಗೂ ಈ ಸೂತ್ರವೇ ಅನ್ವಯಿಸುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ, ಅಡಿಗೆಮನೆಯ ಡಬ್ಬದಲ್ಲಿಟ್ಟ ನೂರು ರೂಪಾಯಿ 12 ವರ್ಷಗಳ ಬಳಿಕವೂ ನೂರಾಗಿಯೇ ಇರುತ್ತದೆ. ಅದರಿಂದ ದೊರೆಯುವ ಅಕ್ಕಿ ಮಾತ್ರ ಅರ್ಧವಾಗಿರುತ್ತದೆ. ಹತ್ತಾರು ವರ್ಷ ಬೇಕಾಗದ ಹಣದ ಒಂದಂಶವನ್ನು ತಿಳಿದವರು ಷೇರು ಅಥವಾ ಮ್ಯೂಚುವಲ್ ಫಂಡುಗಳಲ್ಲಿ ತೊಡಗಿಸುವುದು ಈ ಕಾರಣದಿಂದಲೇ. ಅಲ್ಲಿ ಏರುವುದರ ಜೊತೆಗೆ ಇಳಿಯುವುದೂ ಉಂಟು. ಮಗಳ ಮದುವೆಗೋ ಬರುವ ವರ್ಷದ ಕಾಲೇಜು ಶುಲ್ಕಕ್ಕೋ ಇರಿಸಿದ ಹಣಕ್ಕೆ ಅದು ತಕ್ಕ ಸ್ಥಳವಲ್ಲ.

ಕಟ್ಟೆ ಎಷ್ಟು ಭದ್ರ?

1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದಾಗ ದೇಶ ಎಚ್ಚೆತ್ತುಕೊಂಡಿತು. 1962ರ ಜನವರಿ 1ರಿಂದ ಠೇವಣಿ ವಿಮೆಯ ವ್ಯವಸ್ಥೆ ಆರಂಭವಾಯಿತು. ಅಂದು 1,500 ರೂಪಾಯಿಗಿದ್ದ ರಕ್ಷಣೆ 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೇರಿತು. ಇದರ ಕಂತನ್ನು ಬ್ಯಾಂಕೇ ತೆರಬೇಕು, ಠೇವಣಿದಾರನಲ್ಲ. ಆದರೆ ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಒಬ್ಬನೇ ತನ್ನ ಹೆಸರಿನಲ್ಲಿ ಹಣವಿಟ್ಟರೂ, ಅಸಲು ಬಡ್ಡಿಗಳನ್ನೆಲ್ಲಾ ಕೂಡಿಸಿ ಒಟ್ಟು 5 ಲಕ್ಷಕ್ಕೆ ಮಾತ್ರ ರಕ್ಷಣೆಯೆಂಬುದನ್ನು ಮರೆಯಬಾರದು.

ಇನ್ನೊಂದು ಸೂಕ್ಷ್ಮ ಇದಕ್ಕಿಂತಲೂ ಮುಖ್ಯವಾದುದು. ಸಹಕಾರಿ ಬ್ಯಾಂಕುಗಳು ಈ ವಿಮೆಗೆ ಒಳಪಟ್ಟಿವೆ. ಪತ್ತಿನ ಸಹಕಾರ ಸಂಘಗಳು ಒಳಪಟ್ಟಿಲ್ಲ. ಎರಡರ ಫಲಕಗಳೂ ಒಂದೇ ಬೀದಿಯಲ್ಲಿರುತ್ತವೆ, ಪಿಗ್ಮಿಯ ಏಜೆಂಟರು ಎರಡಕ್ಕೂ ಇರುತ್ತಾರೆ, ಪಾಸ್‌ಬುಕ್ಕುಗಳೂ ಹೆಚ್ಚು ಕಡಿಮೆ ಒಂದೇ ಬಗೆಯವು. ಪ್ರಾಮಾಣಿಕವಾಗಿ ನಡೆಯುವ ಸಂಘಗಳು ಎಷ್ಟೋ ಇವೆಯೆಂಬುದು ನಿಜ. ಆದರೂ ಪರಿಚಿತ ಮುಖವನ್ನೇ ಭದ್ರತೆಯೆಂದು ಭಾವಿಸದೆ, "ನಮ್ಮ ಹಣಕ್ಕೆ ಠೇವಣಿ ವಿಮೆ ಉಂಟೆ?" ಎಂದು ಕೇಳುವುದು ಅವಿಶ್ವಾಸವಲ್ಲ, ಗೃಹಕೃತ್ಯದ ಧರ್ಮ. ಸರ್ಕಾರವೇ ಹೊಣೆಯಾಗಿರುವ ಅಂಚೆ ಕಚೇರಿಯ ಉಳಿತಾಯ ಖಾತೆಯಂತೂ 1882ರಿಂದ ಜನರ ಕೈಗೆಟುಕುವಂತಿದೆ.

ಇಪ್ಪತ್ತು ತಿಂಗಳ ಮಾಯೆ

ವಿಮೆಯೂ ಇಲ್ಲದ, ನೋಂದಣಿಯೂ ಇಲ್ಲದ ಕಡೆ ಜನ ಹಣ ಸುರಿಯುವುದೇಕೆ? ತಿಂಗಳಿಗೆ ನೂರಕ್ಕೆ ಐದು ರೂಪಾಯಿ ತಪ್ಪದೆ ಬರುತ್ತಿದೆ ಎಂದು ನೆರೆಯವರು ಹೇಳುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ. ಆದರೆ ಲೆಕ್ಕವನ್ನು ನೋಡಬೇಕು. ಒಂದು ಲಕ್ಷವನ್ನು ಪಡೆದವನು ಒಂದು ಕಾಸನ್ನೂ ಸಂಪಾದಿಸದೆ, ಕೊಟ್ಟವನ ಹಣವನ್ನೇ ತಿಂಗಳಿಗೆ 5,000ದಂತೆ 20 ತಿಂಗಳು ಹಿಂದಿರುಗಿಸುತ್ತಾ ಬಡ್ಡಿಯೆಂದು ಕರೆಯಬಹುದು. ಅಷ್ಟರಲ್ಲಿ ಆ ಕ್ರಮಬದ್ಧತೆಯನ್ನು ಕಂಡು ಹತ್ತು ಮನೆಯವರು ಒಡವೆಯನ್ನು ಗಿರವಿಯಿಟ್ಟು ಬಂದು ಸೇರಿರುತ್ತಾರೆ. 1920ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ 45 ದಿನಗಳಿಗೆ ನೂರಕ್ಕೆ ಐವತ್ತು ಲಾಭವೆಂದು ಸಾರಿದ ಚಾರ್ಲ್ಸ್ ಪೊಂಜಿಯ ತಂತ್ರವೂ ಹೊಸಬರ ಹಣದಿಂದ ಹಳಬರಿಗೆ ಕೊಡುವುದೇ ಆಗಿದ್ದಿತು. ಬಡ್ಡಿ ತಪ್ಪದೆ ಬಂದುದು ಅಸಲು ಇದೆಯೆಂಬುದಕ್ಕೆ ಸಾಕ್ಷಿಯಲ್ಲ.

ಇಂತಹ ಅನಿಯಂತ್ರಿತ ಠೇವಣಿಗಳನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಆದರೆ ಕಾಯಿದೆ ಬರುವುದು ಸಾಮಾನ್ಯವಾಗಿ ಅಂಗಡಿ ಬಾಗಿಲು ಮುಚ್ಚಿದ ಮೇಲೆ. ವಿವೇಕವಾದರೋ ಹಣ ಕೈಬಿಡುವ ಮುನ್ನವೇ ಬರಬಲ್ಲದು. ದಿನದಿನವೂ ಬೆವರು ಸುರಿಸಿ ಕೂಡಿಸಿದ ಹನಿಗೆ ಕಟ್ಟೆಯನ್ನು ಆರಿಸಲು ಒಂದು ದಿನದ ವಿಚಾರಣೆ ಹೆಚ್ಚಿನದೇನೂ ಅಲ್ಲ.