ನೋವಿನ ತೂಬು ಹುಡುಕಿದವರು

ಗಂಗಾವತಿ ಬಳಿಯ ಸಾಣಾಪುರದಲ್ಲಿ ಗಾಂಜಾದ ಮಾತು ಬಂದರೆ ಅದು ಪೊಲೀಸರ ಮಾತು, ಇಲ್ಲವೇ ಪ್ರವಾಸಿಗರ ಮಾತು. ಹಂಪಿಯೆದುರಿನ ವಿರೂಪಾಪುರ ಗಡ್ಡಿಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರ ಮಾರ್ಚಿನಲ್ಲಿ ಕೆಡವಿದ ಮೇಲೆ ಬಂಡೆ ಏರುವವರು, ಹರಿಗೋಲಿನಲ್ಲಿ ಸುತ್ತುವವರು, ಸುಮ್ಮನೆ ಕೂತು ಸೂರ್ಯಾಸ್ತ ನೋಡುವವರು ಸಾಣಾಪುರದ ಕೆರೆ, ಆನೆಗೊಂದಿಯ ಕಡೆಗೆ ಸರಿದರು. ಗಾಂಜಾದ ಸುದ್ದಿಯೂ ಹಿಂದೆಯೇ ಬಂತು. ಅತ್ತ ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಹೋದರೆ ಅದೇ ಗಿಡ ಪ್ರಸಾದ. ಒಂದು ಕಡೆ ಕೇಸು, ಇನ್ನೊಂದು ಕಡೆ ಭಕ್ತಿ. ಔಷಧಿಯ ಮಾತು ಎರಡು ಕಡೆಯೂ ಕೇಳುವುದಿಲ್ಲ.

ಔಷಧಿ ಬೇಕಾದವರೇನೂ ಈ ಸೀಮೆಯಲ್ಲಿ ಕಡಿಮೆಯಿಲ್ಲ. ಭತ್ತದ ಗದ್ದೆಯಲ್ಲಿ ಜೀವ ಸವೆಸಿ, ನಡುವಯಸ್ಸಿಗೆ ಸಕ್ಕರಿ ಬ್ಯಾನಿ ಹತ್ತಿಸಿಕೊಂಡವರನ್ನು ಕೇಳಿ. ‘ಅಂಗಾಲು ಉರಿತಾವ, ಮುಳ್ಳು ಚುಚ್ಚಿದಂಗ ಆಕ್ಕೈತಿ, ರಾತ್ರಿ ಕೌದಿ ತಾಗಿದ್ರೂ ತಡಕೊಳ್ಳಾಕ ಆಗೂದಿಲ್ಲ’ ಎನ್ನುತ್ತಾರೆ. ಸರ್ಪಸುತ್ತು ಎದ್ದು, ಕೆಮ್ಮಣ್ಣು ಹಚ್ಚಿಸಿಕೊಂಡು, ಗುಳ್ಳೆ ಒಣಗಿದ ಮೇಲೂ ಪಕ್ಕೆಯ ಉರಿ ತಿಂಗಳುಗಟ್ಟಲೆ ಬಿಡದವರಿದ್ದಾರೆ. ಗಾಯವಾದರೆ ಬರುವ ನೋವಿನ ಬಗೆ ಬೇರೆ. ಈ ಉರಿಯಲ್ಲಿ ಸುದ್ದಿ ಒಯ್ಯಬೇಕಾದ ನರವೇ ಕೆಟ್ಟಿರುತ್ತದೆ. ಗಾಯವಿಲ್ಲದಿದ್ದರೂ ಗಾಯದ ಸುದ್ದಿಯನ್ನೇ ಕಳಿಸುತ್ತಿರುತ್ತದೆ. ಸಾಮಾನ್ಯ ನೋವಿನ ಗುಳಿಗೆ ಇದಕ್ಕೆ ಹತ್ತುವುದಿಲ್ಲ. ಈ ಹಾಳು ನೋವಿಗೂ ಆ ಗಿಡಕ್ಕೂ ಇರುವ ನಂಟನ್ನು ಹುಡುಕಿದ ಕತೆ ಸುಮಾರು 185 ವರ್ಷ ಉದ್ದದ್ದು. ತಮಾಷೆಯೆಂದರೆ, ಅದರಲ್ಲಿ ಬರುವ ಮುಖ್ಯರಲ್ಲಿ ಹಲವರು ಹುಡುಕುತ್ತಿದ್ದುದೇ ಬೇರೆ.

ಅದೇ ಗಿಡದ ಎಲೆಯಾದ ಭಂಗಿ ಸೊಪ್ಪು ನಮ್ಮ ವೈದ್ಯರಿಗೆ ಹೊಸತಾಗಿರಲಿಲ್ಲ. ಶಾರ್ಙ್ಗಧರ ಸಂಹಿತೆ ಅದನ್ನು ಅಫೀಮಿನ ಜೊತೆ ಸೇರಿಸಿ, ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಗಳ ಸಾಲಿಗೆ ಹಾಕಿದೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ 1563ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಭಂಗಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾನೆ. ಆದರೆ ಇಷ್ಟು ಕೊಟ್ಟರೆ ಇಷ್ಟಾಗುತ್ತದೆ ಎಂದು ಅಳೆದು, ತೂಗಿ, ರೋಗಿಯ ಪಕ್ಕದಲ್ಲಿ ಕೂತು ಬರೆದಿಟ್ಟ ಕೆಲಸ ನಡೆದದ್ದು ಕಲ್ಕತ್ತೆಯಲ್ಲಿ.

ವಿಲಿಯಂ ಬ್ರೂಕ್ ಓಶಾನೆಸಿ ಐರ್ಲೆಂಡಿನವನು. 1833ರಲ್ಲಿ ಕಲ್ಕತ್ತೆಗೆ ಬಂದು, ಹೊಸದಾಗಿ ಶುರುವಾದ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾದ. ಊರಿನಲ್ಲಿ ಎಲ್ಲರೂ ಬಲ್ಲ ಈ ಗಿಡ ಯುರೋಪಿನ ಔಷಧ ಪುಸ್ತಕಗಳಲ್ಲಿ ಯಾಕಿಲ್ಲ ಎಂಬುದು ಅವನ ಪ್ರಶ್ನೆ. ಪಂಡಿತರನ್ನು ಕೇಳಿದ, ಹಕೀಮರನ್ನು ಕೇಳಿದ. ಮೊದಲು ನಾಯಿ, ಆಡು, ಮೀನು, ರಣಹದ್ದುಗಳಿಗೆ ಕೊಟ್ಟು ನೋಡಿದ. ಯಾವುದೂ ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ 1838ರಲ್ಲಿ ಆಸ್ಪತ್ರೆಯ ಮೂವರು ಸಂಧಿವಾತದ ರೋಗಿಗಳಿಗೆ ಒಂದು ಗ್ರೇನ್ ಅಂಟನ್ನು ಕರಗಿಸಿ ಕುಡಿಸಿದ. ಎರಡು ತಾಸು ಕಳೆಯುವಷ್ಟರಲ್ಲಿ ಒಬ್ಬ ವಾಚಾಳಿಯಾದ, ಹಾಡಿದ, ಇನ್ನಷ್ಟು ಊಟ ಬೇಕೆಂದು ಕೂಗಿದ, ನನಗೆ ರೋಗವೇ ಇಲ್ಲವೆಂದ. ಆಮೇಲೆ ನಿದ್ದೆ. ರಾತ್ರಿ ನೋಡಿದರೆ ಎಚ್ಚರವಿಲ್ಲ. ಉಸಿರು ಮಾತ್ರ ಸರಿಯಾಗಿದೆ. ಕೈಯನ್ನು ಮೇಲೆತ್ತಿ ಬಿಟ್ಟರೆ ಅದು ಬೀಳದೆ ಎತ್ತಿದಲ್ಲೇ ನಿಲ್ಲುತ್ತಿತ್ತು! ಓಶಾನೆಸಿ ಗಾಬರಿಯಾಗಿ ಇನ್ನೊಬ್ಬನ ಹಾಸಿಗೆಗೆ ಓಡಿದರೆ ಅವನೂ ಅದೇ ದಾರಿಯಲ್ಲಿದ್ದ. ಮೂರನೆಯವನಿಗೆ ಏನೂ ಆಗಿರಲಿಲ್ಲ. ವಿಚಾರಿಸಿದರೆ ಅವನು ಮೊದಲಿನಿಂದಲೂ ಚಿಲುಮೆ ಸೇದುವವನು. ಒಗ್ಗಿಹೋದ ಮೈಗೆ ಅದೇ ಪ್ರಮಾಣ ನಾಟುವುದಿಲ್ಲ ಎಂಬ ಪಾಠ ಮೊದಲ ಪ್ರಯೋಗದಲ್ಲೇ ಸಿಕ್ಕಿತು. ಅದನ್ನು ಮುಚ್ಚಿಡದೆ ಬರೆದ ಎನ್ನುವುದಕ್ಕೆ ನನಗೆ ಅವನ ಮೇಲೆ ಗೌರವ.

ಧನುರ್ವಾಯುವಿಗೆ ಕೊಟ್ಟು ನೋಡಿದ. ಹುಚ್ಚುನಾಯಿ ಕಡಿದವನಿಗೆ ಕೊಟ್ಟ. ಅವನು ಬದುಕಲಿಲ್ಲ, ಆದರೆ ಸಂಕಟ ಇಳಿಯಿತು. 1839ರ ಅವನ ಪ್ರಬಂಧ ಯುರೋಪಿನ ವೈದ್ಯರ ಕಣ್ಣು ತೆರೆಸಿತು. ಅದೇ ವರ್ಷ ಈ ಮನುಷ್ಯ ಕಲ್ಕತ್ತೆಯ ಬಳಿ ಪ್ರಯೋಗಕ್ಕೆಂದು ಟೆಲಿಗ್ರಾಫ್ ತಂತಿಯನ್ನೂ ಎಳೆದಿದ್ದ. ಮುಂದೆ ಇಡೀ ದೇಶಕ್ಕೆ ತಂತಿ ಹಾಕಿಸಿದವನೂ ಅವನೇ, ಸರ್ ಪದವಿ ಸಿಕ್ಕಿದ್ದೂ ಅದಕ್ಕೇ. ನರದ ಔಷಧಿಯನ್ನು ಅವನು ಬಿಟ್ಟೇಬಿಟ್ಟ.

ಲಂಡನ್ನಿನ ಅಂಗಡಿಗಳಲ್ಲಿ ಭಾರತದ ಗಾಂಜಾದ ಸಾರ ಐವತ್ತು ವರ್ಷ ಚೆನ್ನಾಗಿಯೇ ಓಡಿತು. ಹೆಸರಾಂತ ವೈದ್ಯ ರಸೆಲ್ ರೆನಾಲ್ಡ್ಸ್ 1890ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತನ್ನ ಮೂವತ್ತು ವರ್ಷದ ಅನುಭವ ಬರೆದು, ಮುಖದ ನರನೋವಿಗೆ ಇದು ಒಳ್ಳೆಯ ಮದ್ದು ಎಂದ. (ಅವನು ವಿಕ್ಟೋರಿಯಾ ರಾಣಿಯ ಅರಮನೆಯ ವೈದ್ಯ. ಅಷ್ಟರಿಂದಲೇ ರಾಣಿಯೂ ಗಾಂಜಾ ತೆಗೆದುಕೊಳ್ಳುತ್ತಿದ್ದಳೆಂಬ ಕತೆ ಹುಟ್ಟಿ ಇಂದಿಗೂ ಓಡಾಡುತ್ತಿದೆ, ಪುರಾವೆಯಿಲ್ಲ.) ತೊಂದರೆಯಿದ್ದದ್ದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ಮದ್ದೇ ಇಲ್ಲ, ಇನ್ನೊಂದರಲ್ಲಿ ರೋಗಿ ಮಂಚದಿಂದ ಏಳದಷ್ಟು. ಒಳಗಿರುವ ಸತ್ವ ಯಾವುದೆಂದು ಗೊತ್ತಿಲ್ಲದೆ ಅಳೆಯುವುದೇನನ್ನು? ನೀರಿನಲ್ಲಿ ಕರಗದ್ದರಿಂದ ಸೂಜಿಯಲ್ಲಿ ಕೊಡಲೂ ಬಾರದು. ಮಾರ್ಫಿನ್ ಸೂಜಿ ಬಂತು, ಆಸ್ಪಿರಿನ್ ಬಂತು, 1932ಕ್ಕೆ ಬ್ರಿಟಿಷ್ ಔಷಧಕೋಶದಿಂದ ಗಾಂಜಾದ ಹೆಸರೇ ಹೋಯಿತು.

ಆ ಸತ್ವ ಕೈಗೆ ಸಿಕ್ಕಿದ್ದು ಇಸ್ರೇಲಿನಲ್ಲಿ. 1960ರ ದಶಕದ ಆರಂಭ. ಅಫೀಮಿನಿಂದ ಮಾರ್ಫಿನ್, ಕೋಕಾ ಎಲೆಯಿಂದ ಕೊಕೇನ್ ಹಿಂದಿನ ಶತಮಾನದಲ್ಲೇ ಬೇರ್ಪಟ್ಟಿದ್ದವು. ಗಾಂಜಾದ್ದು ಮಾತ್ರ ಇನ್ನೂ ಯಾರಿಗೂ ತಿಳಿದಿಲ್ಲ. ಬಲ್ಗೇರಿಯಾದಲ್ಲಿ ಹುಟ್ಟಿ ಬಂದ ತರುಣ ರಸಾಯನಶಾಸ್ತ್ರಜ್ಞ ರಾಫೇಲ್ ಮೆಷೂಲಮ್, ವೈಜ್‌ಮನ್ ಸಂಸ್ಥೆಯ ಆಡಳಿತಾಧಿಕಾರಿಯಿಂದ ಪೊಲೀಸರಿಗೆ ಒಂದು ಫೋನು ಮಾಡಿಸಿದ. ಠಾಣೆಗೆ ಹೋಗಿ, ಕಾಫಿ ಕುಡಿದು, ಕಳ್ಳಸಾಗಣೆದಾರರಿಂದ ಹಿಡಿದಿಟ್ಟಿದ್ದ 5 ಕಿಲೋ ಲೆಬನಾನಿನ ಚರಸ್ಸನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದ. ಅದೇನು ವಾಸನೆ ಎಂದು ಬಸ್ಸಿನಲ್ಲಿದ್ದವರು ಕೇಳಿದರಂತೆ. ಆರೋಗ್ಯ ಇಲಾಖೆಯ ಪರವಾನಗಿ ಬೇಕಿತ್ತು, ಕೊಟ್ಟ ಪೊಲೀಸರೂ ಒಯ್ದ ತಾನೂ ಕಾನೂನು ಮುರಿದಿದ್ದೆವು ಎಂಬುದು ಅವನಿಗೆ ತಿಳಿದದ್ದು ಆಮೇಲೆ.

ಆ ಚರಸ್ಸಿನಿಂದ 1963ರಲ್ಲಿ ಗಿಡದ ಸಿಬಿಡಿ ಎಂಬ ವಸ್ತುವಿನ ರಚನೆ ತಿಳಿಯಿತು. 1964ರಲ್ಲಿ ಯೆಹಿಯೆಲ್ ಗವೋನಿ ಜೊತೆ ಸೇರಿ ಅಮಲಿಗೆ ಕಾರಣವಾದ ಟಿಎಚ್‌ಸಿಯನ್ನು ಶುದ್ಧವಾಗಿ ತೆಗೆದ. ಮನುಷ್ಯರ ಮೇಲೆ ನೋಡಬೇಕಲ್ಲ? ಹೆಂಡತಿ ಡಾಲಿಯಾ ಕೇಕು ಮಾಡಿದಳು. ಹತ್ತು ಜನ ಗೆಳೆಯರಲ್ಲಿ ಐವರ ಕೇಕಿನಲ್ಲಿ ತಲಾ 10 ಮಿಲಿಗ್ರಾಂ. ಒಬ್ಬರು ನಕ್ಕರು, ಒಬ್ಬರು ಮಾತು ನಿಲ್ಲಿಸಲಿಲ್ಲ, ಒಬ್ಬರಿಗೆ ದಿಗಿಲು ಹತ್ತಿತು. ಕಲ್ಕತ್ತೆಯ ವಾರ್ಡಿನ ನೋಟವೇ, ಈ ಸಲ ಮಾತ್ರ ಕಾರಣಕ್ಕೆ ತೂಕವಿತ್ತು, ರಚನೆಯಿತ್ತು.

ಇಷ್ಟಾದರೂ ಅದು ಮೈಯೊಳಗೆ ಎಲ್ಲಿ ಹೋಗಿ ಕೂರುತ್ತದೆ ಎಂಬುದು ಇನ್ನೂ ಕಾಲು ಶತಮಾನ ಗೊತ್ತಾಗಲಿಲ್ಲ. ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಜೀವಕೋಶದ ಪೊರೆಯನ್ನೇ ಸಡಿಲಿಸುತ್ತದೆ, ಬೇರೇನಿಲ್ಲ ಎಂದು ಎಷ್ಟೋ ಮಂದಿ ನಂಬಿದ್ದರು. ಇಲ್ಲಿ ನೋವು ಕತೆಯೊಳಗೆ ಮತ್ತೆ ಬರುತ್ತದೆ. ಫೈಜರ್ ಕಂಪನಿ ಅಫೀಮಿನ ಚಟವಿಲ್ಲದ ನೋವುನಿವಾರಕ ಬೇಕೆಂದು ಟಿಎಚ್‌ಸಿಯನ್ನು ಹೋಲುವ ವಸ್ತುಗಳನ್ನು ಮಾಡಿಸಿತ್ತು. ಔಷಧಿಯಾಗಿ ಅವು ಗೆಲ್ಲಲಿಲ್ಲ. ನೋವು ಇಳಿದರೆ ತಲೆಯೂ ತಿರುಗುತ್ತಿತ್ತು. ಅವುಗಳಲ್ಲೊಂದಕ್ಕೆ ವಿಕಿರಣದ ಗುರುತು ಹಚ್ಚಿ ಸೇಂಟ್ ಲೂಯಿಸ್‌ನ ಆಲಿನ್ ಹೌಲೆಟ್ ಮತ್ತು ಅವರ ವಿದ್ಯಾರ್ಥಿ ವಿಲಿಯಂ ಡಿವೇನ್ ಇಲಿಯ ಮಿದುಳಿನಲ್ಲಿ ಹಾಕಿ ನೋಡಿದರು. ಅದು ಎಲ್ಲೆಂದರಲ್ಲಿ ಅಂಟಿಕೊಳ್ಳದೆ ಗೊತ್ತಾದ ಜಾಗದಲ್ಲಿ ಮಾತ್ರ ಹೋಗಿ ಕೂತಿತು. 1988ರಲ್ಲಿ ಅವರು ಹೇಳಿದರು: ಮಿದುಳಿನಲ್ಲಿ ಗಾಂಜಾ ಹೋಗಿ ಕೂರಲೆಂದೇ ಒಂದು ಜಾಗ, ಅಂದರೆ ರಿಸೆಪ್ಟರ್, ಇದೆ.

ಎರಡು ವರ್ಷದ ನಂತರ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಲೀಸಾ ಮತ್ಸುದಾ ಮತ್ತು ಸಂಗಡಿಗರು ಅದರ ಜೀನನ್ನು ಹಿಡಿದರು. ಬಲೆ ಹಾಕಿದ್ದು ಬೇರೆಯದಕ್ಕೆ. ಸಬ್‌ಸ್ಟೆನ್ಸ್ ಕೆ ಎಂಬ ನರವಸ್ತುವಿನ ರಿಸೆಪ್ಟರನ್ನು ಹೋಲುವ ಜೀನು ಹುಡುಕುತ್ತಿದ್ದಾಗ ಯಾವುದಕ್ಕೂ ಓಗೊಡದ ಒಂದು ಅನಾಥ ರಿಸೆಪ್ಟರ್ ಸಿಕ್ಕಿತು. ಒಂದಾದ ಮೇಲೊಂದು ವಸ್ತು ಕೊಟ್ಟು ನೋಡಿದರು. ಕೊನೆಗೆ ಟಿಎಚ್‌ಸಿ ಕೊಟ್ಟಾಗ ಅದು ಮಾತಾಡಿತು. ಅದೇ ಸಿಬಿ1. ಆ ವರ್ಷವೇ ಮೈಲ್ಸ್ ಹರ್ಕೆನ್‌ಹ್ಯಾಮ್ ಬಿಡಿಸಿದ ನಕಾಶೆಯಲ್ಲಿ ಅದು ಮಿದುಳಿನ ಬಹುಭಾಗದಲ್ಲಿ ದಟ್ಟವಾಗಿದೆ, ಉಸಿರಾಟವನ್ನು ನೋಡಿಕೊಳ್ಳುವ ಬುಡದ ಭಾಗದಲ್ಲಿ ವಿರಳ. ಕಲ್ಕತ್ತೆಯ ಆ ರೋಗಿ ಎಚ್ಚರತಪ್ಪಿಯೂ ಸರಾಗವಾಗಿ ಉಸಿರಾಡುತ್ತಿದ್ದುದಕ್ಕೆ ಕಾರಣ 152 ವರ್ಷದ ಮೇಲೆ ಸಿಕ್ಕಿತು.

ಗಿಡದ ರಸಕ್ಕೆಂದು ಮಿದುಳು ಜಾಗ ಮಾಡಿಟ್ಟಿರುವುದಿಲ್ಲ. ಅಲ್ಲಿ ಕೂರುವ ಮೈಯೊಳಗಿನ ವಸ್ತು ಬೇರೆ ಇರಬೇಕು. ಡಿವೇನ್ ಜೆರುಸಲೇಮಿಗೆ ಹೋಗಿ ಮೆಷೂಲಮ್ ಬಳಗ ಸೇರಿದ. ಅವನೂ ಚೆಕ್ ದೇಶದ ಲುಮೀರ್ ಹನುಷನೂ ಹಂದಿಯ ಮಿದುಳುಗಳನ್ನು ತಂದು, ಅರೆದು, ಸೋಸಿ 1992ರಲ್ಲಿ ಆ ವಸ್ತುವನ್ನು ಹೊರತೆಗೆದರು. ಸಂಸ್ಕೃತದ ಒಲವಿದ್ದ ಡಿವೇನ್ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟ.

ಮೈಯೊಳಗಿನ ಇಂಥ ವಸ್ತುಗಳು ಕೆಲಸ ಮಾಡುವ ರೀತಿ ತಿಳಿದದ್ದು 2001ರ ಸುಮಾರಿಗೆ. ನರಕೋಶಗಳಲ್ಲಿ ಸುದ್ದಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಈ ವಸ್ತುಗಳು ಹೋಗುವುದು ಎದುರು ದಿಕ್ಕಿನಲ್ಲಿ, ಸುದ್ದಿ ಪಡೆದ ಕೋಶದಿಂದ ಕಳಿಸಿದ ಕೋಶಕ್ಕೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಗದ್ದೆಯವನು ಬದು ಒಡೆಯುವ ಹೊತ್ತಿಗೆ ಮೇಲಿನವನಿಗೆ ‘ಸಾಕು, ತೂಬು ಇಳಿಸು’ ಎಂದು ಕೂಗಿದ ಹಾಗೆ. ಸಿಬಿ1 ಇರುವುದು ಆ ತೂಬಿನ ಬಳಿ, ಬೆನ್ನುಹುರಿಯಲ್ಲಿ ನೋವಿನ ನರಗಳು ಬಂದು ಸೇರುವಲ್ಲಿಯೂ. ಕೆಟ್ಟ ನರ ಸುಳ್ಳು ಸುದ್ದಿ ಸುರಿಯುತ್ತಿರುವಾಗ ತೂಬು ಇಳಿಸಿದರೆ ನೋವು ತಗ್ಗಬೇಕು. ಕಾಗದದ ಮೇಲೆ ಇದು ಬಹಳ ಚೆಂದ.

ಮನುಷ್ಯರಲ್ಲಿ? 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೊನಾಲ್ಡ್ ಏಬ್ರಮ್ಸ್, ಎಚ್‌ಐವಿಯಿಂದ ಕಾಲಿನ ನರ ಕೆಟ್ಟ 50 ಜನರಲ್ಲಿ ಅರ್ಧದಷ್ಟು ಮಂದಿಗೆ ಗಾಂಜಾ ಸಿಗರೇಟು, ಉಳಿದವರಿಗೆ ಸತ್ವ ತೆಗೆದ ಸಿಗರೇಟು ಕೊಟ್ಟರು. ನೋವು ಶೇ 30ಕ್ಕಿಂತ ಹೆಚ್ಚು ಇಳಿದವರು ಮೊದಲ ಗುಂಪಿನಲ್ಲಿ ಶೇ 52, ಎರಡನೆಯದರಲ್ಲಿ ಶೇ 24. ಕೆನಡಾ 2005ರಲ್ಲೇ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ನರನೋವಿಗೆ ಟಿಎಚ್‌ಸಿ, ಸಿಬಿಡಿ ಎರಡೂ ಇರುವ ಬಾಯಿಯ ಸ್ಪ್ರೇಗೆ ಷರತ್ತಿನ ಒಪ್ಪಿಗೆ ಕೊಟ್ಟಿತ್ತು. ಆದರೆ ಎಲ್ಲ ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಉತ್ಸಾಹ ಇಳಿಯುತ್ತದೆ. 2018ರ ಕಾಕ್ರೇನ್ ಪರಿಶೀಲನೆ 16 ಅಧ್ಯಯನ, 1750 ಜನರನ್ನು ತೆಗೆದುಕೊಂಡಿತು. ನೋವು ಅರ್ಧದಷ್ಟು ಇಳಿದವರು ಗಾಂಜಾ ಔಷಧಿ ಪಡೆದವರಲ್ಲಿ ಶೇ 21; ಸುಮ್ಮನೆ ಹುಸಿ ಔಷಧಿ ಪಡೆದವರಲ್ಲೂ ಶೇ 17. ತಲೆಸುತ್ತು, ಮಂಪರಿನಂಥ ತೊಂದರೆ ಶೇ 61 ಜನರಿಗೆ, ಹುಸಿ ಔಷಧಿಯಲ್ಲಿ ಶೇ 29. ನೂರರಲ್ಲಿ ನಾಲ್ವರ ಲಾಭಕ್ಕೆ ಇದು ತುಟ್ಟಿಯ ವ್ಯಾಪಾರ. ಜಗತ್ತಿನ ನೋವು ತಜ್ಞರ ಸಂಘ 2021ರಲ್ಲಿ, ನೋವಿಗೆ ಇದನ್ನು ಸಾರಾಸಗಟಾಗಿ ಬಳಸುವುದನ್ನು ತಾನು ಅನುಮೋದಿಸುವುದಿಲ್ಲ ಎಂದಿತು. ಗಂಗಾವತಿಯ ಡಾಕ್ಟರು ಉರಿಗಾಲಿಗೆ ಪ್ರಿಗ್ಯಾಬಲಿನ್ನೋ ಅಮಿಟ್ರಿಪ್ಟಿಲಿನ್ನೋ ಬರೆದುಕೊಟ್ಟರೆ ಅವರು ಹಿಂದುಳಿದವರೇನಲ್ಲ.

ನಮ್ಮ ಕಾನೂನಿನದು ಬೇರೆಯೇ ಲೆಕ್ಕ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೂವಿನ ತುದಿ ಗಾಂಜಾ, ಅಂಟು ಚರಸ್. ತುದಿಯಿಲ್ಲದ ಬರೀ ಎಲೆ ಎರಡೂ ಅಲ್ಲ. ಭಂಗಿ ಈ ಕಾಯ್ದೆಯೊಳಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಹೇಳಿತು. ಎಲೆಯ ಆಯುರ್ವೇದ ಔಷಧಿಗಳ ಚಿಕಿತ್ಸಾಲಯವೊಂದು 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಬಾಗಿಲು ತೆರೆದದ್ದು ಈ ಸಂದಿನಲ್ಲೇ. ಜಮ್ಮುವಿನ ಸಿಎಸ್‌ಐಆರ್ ಪ್ರಯೋಗಾಲಯ ಮಾತ್ರ ಪರವಾನಗಿ ಪಡೆದು, ಚಠಾದ ಕಾವಲಿನ ಹೊಲದಲ್ಲಿ ಗಿಡ ಬೆಳೆಸಿ ನರನೋವು, ಕ್ಯಾನ್ಸರ್, ಮೂರ್ಛೆರೋಗಗಳಿಗೆ ಔಷಧಿ ಮಾಡಲು ಹೊರಟಿದೆ. ಕದ್ದು ಮಾರುವ ಪೊಟ್ಟಣದಲ್ಲಿ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂದು ಮಾರುವವನಿಗೂ ತಿಳಿದಿರುವುದಿಲ್ಲ; ಲಂಡನ್ನಿನ ಸೀಸೆಯ ತೊಂದರೆಯೇ ಅದರದೂ.

ಗಿಡವನ್ನು ಬದಿಗಿಟ್ಟು, ಮೈಯೊಳಗಿನ ಆನಂದಮೈಡನ್ನೇ ಹೆಚ್ಚಿಸಿದರೆ ಹೇಗೆಂದು ಯೋಚಿಸಿದವರಿದ್ದಾರೆ. ಅದನ್ನು ಒಡೆದುಹಾಕುವ ಎಫ್‌ಎಎಎಚ್ ಎಂಬ ಕಿಣ್ವವನ್ನು ತಡೆದರಾಯಿತು. ಫೈಜರ್ ಹಾಗೆ ತಡೆಯಿತು; ಆನಂದಮೈಡ್ ಏರಿತು, ಸವೆದ ಮಂಡಿಯ ನೋವು ಇಳಿಯಲಿಲ್ಲ. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಇದೇ ಬಗೆಯ ಇನ್ನೊಂದು ಔಷಧಿಯ ಪರೀಕ್ಷೆಗೆ ಬಂದಿದ್ದ ಆರೋಗ್ಯವಂತರಲ್ಲಿ ಒಬ್ಬ ಸತ್ತ, ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಆ ಔಷಧಿ ಬೇರೆ ಕಿಣ್ವಗಳಿಗೂ ಕೈ ಹಾಕಿದ್ದು ಆಮೇಲೆ ತಿಳಿಯಿತು. ಈ ದಾರಿ ಮುಗಿಯಿತೆಂದು ಬಹಳ ಜನ ಕೈಬಿಟ್ಟರು.

ಇತ್ತ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಅರವತ್ತು ದಾಟಿದ ಮಹಿಳೆಯೊಬ್ಬರು ಕೈಯ ಶಸ್ತ್ರಚಿಕಿತ್ಸೆಗೆ ಬಂದರು. ಬಹಳ ನೋಯುವ ಶಸ್ತ್ರಚಿಕಿತ್ಸೆ ಅದು. ಅವರು ಆಮೇಲೆ ನೋವಿನ ಗುಳಿಗೆಯನ್ನೇ ಕೇಳಲಿಲ್ಲ. ಅರಿವಳಿಕೆ ತಜ್ಞ ದೇವಜಿತ್ ಶ್ರೀವಾಸ್ತವ ಸುಮ್ಮನಿರದೆ ವಿಚಾರಿಸಿದರು. ಒಲೆಯ ಮೇಲೆ ಕೈ ಸುಟ್ಟರೆ ಈಕೆಗೆ ತಿಳಿಯುತ್ತಿದ್ದದ್ದು ಚರ್ಮದ ವಾಸನೆಯಿಂದ. ರಕ್ತದ ಮಾದರಿ ಲಂಡನ್ನಿಗೆ ಹೋಯಿತು. 2019ರಲ್ಲಿ ಉತ್ತರ ಬಂತು: ಎಫ್‌ಎಎಎಚ್ ಜೀನಿನ ಪಕ್ಕದ, ಕೆಲಸಕ್ಕೆ ಬಾರದ್ದೆಂದು ಎಲ್ಲರೂ ಬಿಟ್ಟಿದ್ದ ಡಿಎನ್‌ಎ ತುಣುಕೊಂದು ಇವರಲ್ಲಿ ಕತ್ತರಿಸಿ ಹೋಗಿತ್ತು, ರಕ್ತದಲ್ಲಿ ಆನಂದಮೈಡ್ ಹೆಚ್ಚಿತ್ತು. ನೋವಿಲ್ಲ, ಆತಂಕವಿಲ್ಲ, ಸ್ವಲ್ಪ ಮರೆವು. ಆ ತುಣುಕು ಎಫ್‌ಎಎಎಚ್ ಅನ್ನು ಹೇಗೆ ಆಳುತ್ತದೆ ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2023ರಲ್ಲಿ ಬಿಡಿಸಿ ತೋರಿಸಿದ್ದಾರೆ. ಹುಟ್ಟಿನಿಂದ ಅವರಿಗೆ ಬಂದದ್ದನ್ನು ಗುಳಿಗೆಯಲ್ಲಿ ತರಬಹುದೇ ಎಂಬ ಹುಡುಕಾಟ ಈಗ ಅಲ್ಲಿಂದ ನಡೆದಿದೆ.