ಉಸಿರಿನ ಕಾವಲು

ಸಂಗೀತ ಕಚೇರಿ ಮುಗಿದ ಮೇಲೆ ಹಾಡಿದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಹಿಂದೆ ಕುಳಿತು ತಂಬೂರಿ ಮೀಟಿದವರನ್ನು ಕೇಳುವವರಿಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಹೀಗೆಯೇ. ಕತ್ತಿ ಹಿಡಿದ ವೈದ್ಯನಿಗೆ ಊರೆಲ್ಲ ಕೈಮುಗಿಯುತ್ತದೆ. ರೋಗಿಯ ತಲೆಯ ಬಳಿ ಕುಳಿತು, ಅವನ ಒಂದೊಂದು ಉಸಿರನ್ನೂ ಗಮನಿಸುತ್ತ, ನಿದ್ರೆ ಮರಣವಾಗದಂತೆ ಕಾಯ್ದವರ ಮುಖ ರೋಗಿಗೂ ನೆನಪಿರುವುದಿಲ್ಲ.

ಅಮೆರಿಕದ ಅನೇಕ ಸಣ್ಣ ಊರುಗಳಲ್ಲಿ ಈ ಕಾವಲು ದಾದಿಯರ ಕೈಯಲ್ಲಿದೆ. ಅರಿವಳಿಕೆ ಕೊಡುವುದರಲ್ಲಿ ವಿಶೇಷ ಶಿಕ್ಷಣ ಪಡೆದವರು ಇವರು. ವೈದ್ಯರು ಸಿಕ್ಕದ ಕಡೆ ಹೇಗೋ ಒದಗಿದ ಬದಲಿಯೆಂದು ಇವರನ್ನು ಭಾವಿಸುವವರುಂಟು. ಇತಿಹಾಸ ಹೇಳುವ ಮಾತೇ ಬೇರೆ.

1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರಿನ ಆವಿಯಿಂದ ಶಸ್ತ್ರಕ್ರಿಯೆಯ ನೋವನ್ನು ಅಡಗಿಸಿ ತೋರಿಸಿದ. ನೋವು ಹೋಯಿತು, ಭಯ ಹೋಗಲಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಈಥರ್ ಹನಿಸುವ ಕೆಲಸ ಅನೇಕ ವೇಳೆ ಕಲಿಯಲು ಬಂದ ತರುಣ ವೈದ್ಯನ ಪಾಲಿಗೆ ಬೀಳುತ್ತಿತ್ತು. ಅವನ ಕೈ ಮುಖವಾಡದ ಮೇಲೆ. ಕಣ್ಣು ಮಾತ್ರ ಗುರುವಿನ ಕತ್ತಿಯ ಮೇಲೆ.

ಮಿನ್ನೆಸೋಟದ ರಾಚೆಸ್ಟರ್ ಆಗ ಸಣ್ಣ ಊರು. 1883ರಲ್ಲಿ ಸುಂಟರಗಾಳಿಯೊಂದು ಅದರ ಒಂದು ಭಾಗವನ್ನು ನೆಲಸಮ ಮಾಡಿದಾಗ ಗಾಯಗೊಂಡವರ ಆರೈಕೆಗೆ ನಿಂತ ಫ್ರಾನ್ಸಿಸ್ಕನ್ ಸಂನ್ಯಾಸಿನಿಯರು 1889ರಲ್ಲಿ ಸೇಂಟ್ ಮೇರೀಸ್ ಆಸ್ಪತ್ರೆಯನ್ನು ತೆರೆದರು. ಡಾಕ್ಟರ್ ಮೇಯೋ ಮತ್ತು ಅವರ ಇಬ್ಬರು ಪುತ್ರರು ಅಲ್ಲಿಯ ವೈದ್ಯರು. ಈಥರ್ ಹನಿಸಲು ತರುಣ ವೈದ್ಯರಾರೂ ಅಲ್ಲಿರಲಿಲ್ಲ. ಆದ್ದರಿಂದ ಎಡಿತ್ ಗ್ರಹಾಮ್ ಎಂಬ ದಾದಿಗೆ ಆ ವಿದ್ಯೆಯನ್ನು ಕಲಿಸಲಾಯಿತು. 1893ರಲ್ಲಿ ಆಕೆ ಚಾರ್ಲ್ಸ್ ಮೇಯೋ ಅವರನ್ನು ವಿವಾಹವಾದ ಮೇಲೆ, ಆ ಪೀಠಕ್ಕೆ ಆಲಿಸ್ ಮಗಾವ್ ಬಂದರು.

ಬಟ್ಟೆ ಹೊದಿಸಿದ ತೆರೆದ ಮುಖವಾಡದ ಮೇಲೆ ಈಥರನ್ನು ಹನಿಹನಿಯಾಗಿ ಬಿಡುವುದು, ಅಂಜಿದ ರೋಗಿಗೆ ಮೆಲುದನಿಯಲ್ಲಿ ಧೈರ್ಯ ಹೇಳುವುದು, ಅವನ ಉಸಿರಿನಿಂದ ಕಣ್ಣು ಕದಲಿಸದಿರುವುದು, ಇಷ್ಟೇ ಆಕೆಯ ಗುಟ್ಟು. 1906ರಲ್ಲಿ ತಾವು ಕಂಡ 14,000ಕ್ಕೂ ಮಿಕ್ಕಿದ ಪ್ರಸಂಗಗಳ ವರದಿಯನ್ನು ಆಕೆ ಪ್ರಕಟಿಸಿದರು. ಅರಿವಳಿಕೆಯೇ ಕಾರಣವಾಗಿ ಸತ್ತವರು ಅದರಲ್ಲಿ ಒಬ್ಬರೂ ಇಲ್ಲ! ಆ ಊರಿನ ಕೊರತೆಯೇ ಒಂದು ವಿದ್ಯೆಗೆ ತವರಾಯಿತು.

ವಿವಾದವೂ ಹಿಂದೆಯೇ ಬಂತು. ಇದು ವೈದ್ಯರ ಕೆಲಸ, ದಾದಿಯರು ಮಾಡಕೂಡದು ಎಂದು ಕ್ಯಾಲಿಫೋರ್ನಿಯದಲ್ಲಿ ದಾವೆ ಹೂಡಲಾಯಿತು. ಶಸ್ತ್ರವೈದ್ಯನ ನಿರ್ದೇಶನದಲ್ಲಿ ನಡೆಯುವ ಈ ಸೇವೆ ಅಕ್ರಮ ವೈದ್ಯವೃತ್ತಿಯಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1936ರಲ್ಲಿ ತೀರ್ಪಿತ್ತಿತು. ವೈದ್ಯನ ಮೇಲ್ವಿಚಾರಣೆಯ ಷರತ್ತನ್ನು ಬಯಸಿದ ರಾಜ್ಯಗಳು ಕೈಬಿಡಬಹುದೆಂದು ಕೇಂದ್ರ ಸರ್ಕಾರ 2001ರಲ್ಲಿ ನಿಯಮ ಮಾಡಿದಾಗ, ಮೊದಲು ಮುಂದೆ ಬಂದದ್ದು ಹೊಲಗದ್ದೆಗಳ ನಾಡಾದ ಅಯೋವ. ಕ್ಷಣಾರ್ಧದಲ್ಲಿ ಅಪಾಯ ಎರಗಬಹುದಾದ ಈ ಕೆಲಸದಲ್ಲಿ ವೈದ್ಯನ ಕಣ್ಣು ಇರಲೇಬೇಕೆಂಬುದು ಅರಿವಳಿಕೆ ವೈದ್ಯರ ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಕಣ್ಣು ಇಲ್ಲದ ಊರೇನು ಮಾಡಬೇಕು?

1997ರ ಕಾನೂನಿನಂತೆ ದೂರದ ಊರುಗಳಿಗಾಗಿ 25 ಹಾಸಿಗೆ ಮೀರದ ಆಸ್ಪತ್ರೆಗಳು ಏರ್ಪಟ್ಟಿವೆ. ಅಂಥ ಕಡೆ ಅರಿವಳಿಕೆಗೆ ಒಬ್ಬರೋ ಇಬ್ಬರೋ ಇದ್ದರೆ ಅದೇ ಭಾಗ್ಯ. ಇದ್ದ ಒಬ್ಬಾಕೆ ಹೊರಟುಹೋದರೆ ಶಸ್ತ್ರವೈದ್ಯನ ಕೈ ಕಟ್ಟಿದಂತೆ. ಹೆರಿಗೆಯ ಕೋಣೆಯ ಬಾಗಿಲೂ ಮುಚ್ಚಬಹುದು. ನಡುರಾತ್ರಿ ಹೆರಿಗೆ ಕಟ್ಟಿದ ತಾಯಿ ಹಿಮದ ಹಾದಿಯಲ್ಲಿ ಮುಂದಿನ ಪಟ್ಟಣಕ್ಕೆ ಸಾಗಬೇಕು. ಹೊಸಬರನ್ನು ತರುವುದು ಸುಲಭವೆ? ತೀವ್ರನಿಗಾ ಘಟಕದಲ್ಲಿ ದುಡಿದ ಅನುಭವವಿರಬೇಕು. 2022ರಿಂದ ಈ ಶಿಕ್ಷಣಕ್ಕೆ ಸೇರುವವರೆಲ್ಲ ಡಾಕ್ಟರೇಟ್ ಮಟ್ಟದಲ್ಲಿಯೇ ಓದಬೇಕು. ಇಷ್ಟು ಓದಿದಾಕೆ ಹಳ್ಳಿಗೆ ಬಂದರೂ ರಾತ್ರಿಯ ಸರದಿಗೆ ಬದಲಿಯಿಲ್ಲ, ಪತಿಗೆ ಉದ್ಯೋಗವಿಲ್ಲ. ಸಂಬಳವೊಂದರಿಂದಲೇ ತುಂಬುವ ತೆರವು ಇದಲ್ಲ.

ಭಾರತದಲ್ಲಿ ಈ ಕೆಲಸ ವೈದ್ಯರದೇ. ಆದರೂ ಕೊರತೆ ನಮಗೆ ಅಪರಿಚಿತವಲ್ಲ. ತಾಯಂದಿರ ಜೀವ ಉಳಿಸಲೆಂದು ಎಂ.ಬಿ.ಬಿ.ಎಸ್. ವೈದ್ಯರಿಗೆ ಅರಿವಳಿಕೆಯಲ್ಲಿ 18 ವಾರಗಳ ತರಬೇತಿಯನ್ನು ಸರ್ಕಾರ ಏರ್ಪಡಿಸಿದ್ದೂ ಇದೇ ಕಾರಣದಿಂದ.

ಕಾವಲುಗಾರರು ಎಲ್ಲಿ ಸಿಕ್ಕಾರು ಎಂದು ಸಣ್ಣ ಊರು ದೂರದ ನಗರಗಳ ಕಡೆ ನೋಡುತ್ತದೆ. ರಾಚೆಸ್ಟರ್ ಹಾಗೆ ನೋಡುತ್ತ ಕೂಡಲಿಲ್ಲ. ತನ್ನಲ್ಲಿದ್ದ ಒಬ್ಬಳು ದಾದಿಗೆ ಕಲಿಸಿತು, ಆಕೆಯನ್ನು ನಂಬಿತು. ತನ್ನ ಮಕ್ಕಳಲ್ಲಿ ಯಾರನ್ನು ಓದಿಸಿ ಕಳಿಸೋಣ, ಮರಳಿ ಬಂದವರನ್ನು ಹೇಗೆ ಉಳಿಸಿಕೊಳ್ಳೋಣ ಎಂಬುದೇ ಇಂದಿಗೂ ಸಣ್ಣ ಊರು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ.