ಮಗುವೇ ಸಮಸ್ಯೆಯಲ್ಲ: ಕುಟುಂಬಗಳ ಪಾಲನಾ ಸೇವೆಯಲ್ಲಿ ಕಥೆ ಮತ್ತು ಆಟ

ಭಾನುವಾರದ ಬಲಿಪೂಜೆ ಮುಗಿದು ನಾವು ಪೂಜಾವಸ್ತ್ರಗಳನ್ನು ಕಳಚುತ್ತಿರುವಾಗ ತಾಯಿಯೊಬ್ಬರು ಮಗುವಿನ ಕೈ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. "ಫಾದರ್, ಇವನ ತಲೆ ಮೇಲೆ ಕೈಯಿಟ್ಟು ಒಂದು ಪ್ರಾರ್ಥನೆ ಮಾಡಿ, ತುಂಬಾ ಹಟ ಇವನಿಗೆ" ಎನ್ನುತ್ತಾರೆ. ಮಗು ನೆಲ ನೋಡುತ್ತಿರುತ್ತದೆ. ನಾವು ಪ್ರಾರ್ಥಿಸುತ್ತೇವೆ, ಪವಿತ್ರ ಜಲವನ್ನು ಪ್ರೋಕ್ಷಿಸುತ್ತೇವೆ, "ಇನ್ನು ಮೇಲೆ ಅಮ್ಮನ ಮಾತು ಕೇಳಬೇಕು, ಆಯಿತಾ?" ಎಂದು ಕೆನ್ನೆ ತಟ್ಟಿ ಕಳುಹಿಸುತ್ತೇವೆ. ಪ್ರಾರ್ಥನೆಯಲ್ಲಿ ತಪ್ಪೇನೂ ಇಲ್ಲ. ಆ ಕೊನೆಯ ಮಾತಿನಲ್ಲಿ ತಪ್ಪಿದೆ. ಮನೆಯಲ್ಲಿ ತಾನೇ ತೊಂದರೆ ಎಂದು ಈಗಾಗಲೇ ನಂಬಿಕೊಂಡಿದ್ದ ಮಗುವಿಗೆ, ಗುರುಗಳೂ ಹಾಗೆಯೇ ತೀರ್ಮಾನಿಸಿದ್ದಾರೆ ಎಂದು ತಿಳಿದುಹೋಗುತ್ತದೆ.

ಈ ತೀರ್ಮಾನವನ್ನು ಬುಡದಿಂದಲೇ ಪ್ರಶ್ನಿಸುವ ಒಂದು ಚಿಕಿತ್ಸಾಕ್ರಮವನ್ನು ಗುರುಮಠದ ಸಹೋದರರಿಗೂ ಧರ್ಮಕೇಂದ್ರಗಳಲ್ಲಿರುವ ಗುರುವರ್ಯರಿಗೂ ಪರಿಚಯಿಸುವುದು ಈ ಲೇಖನದ ಉದ್ದೇಶ. ಕಥನ ಚಿಕಿತ್ಸೆ ಎಂಬುದು ಅದರ ಹೆಸರು. ಆಸ್ಟ್ರೇಲಿಯದ ಅಡಿಲೇಡ್ ನಗರದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. 1990ರಲ್ಲಿ ಅವರಿಬ್ಬರೂ ಸೇರಿ ಬರೆದ ಗ್ರಂಥದಿಂದ ಇದು ಬೇರೆ ದೇಶಗಳಲ್ಲೂ ಪರಿಚಿತವಾಯಿತು. 1997ರಲ್ಲಿ ಎಪ್‌ಸ್ಟನ್ ಅವರು ಜೆನಿಫರ್ ಫ್ರೀಮನ್ ಮತ್ತು ಡೀನ್ ಲೊಬೊವಿಟ್ಸ್ ಅವರೊಡನೆ, ಮಕ್ಕಳ ಗಂಭೀರ ತೊಂದರೆಗಳನ್ನು ಆಟದ ಹಾದಿಯಲ್ಲಿ ಎದುರಿಸುವ ಬಗೆಯನ್ನು ಪ್ರತ್ಯೇಕ ಪುಸ್ತಕವಾಗಿಯೇ ವಿವರಿಸಿದರು.

ಕ್ರಮದ ತಿರುಳು ಸರಳ. ಸಮಸ್ಯೆಯನ್ನು ಮಗುವಿನಿಂದ ಬಿಡಿಸಿ ಹೊರಗೆ ನಿಲ್ಲಿಸಬೇಕು. ಅದಕ್ಕೆ ಮಗುವಿನ ಬಾಯಿಂದಲೇ ಒಂದು ಹೆಸರು ಬರಬೇಕು. ಇದನ್ನು ಬಾಹ್ಯೀಕರಣ ಎನ್ನುತ್ತಾರೆ. ಬಟ್ಟೆಯಲ್ಲೇ ಮಲವಿಸರ್ಜನೆಯಾಗಿಬಿಡುತ್ತಿದ್ದ ಮಕ್ಕಳ ಬಗ್ಗೆ ವೈಟ್ 1984ರಲ್ಲಿ ಬರೆದ ಪ್ರಬಂಧ ಇದಕ್ಕೆ ಹೆಸರಾದ ಉದಾಹರಣೆ. ಆ ತೊಂದರೆಗೆ ಅವರು ಗುಟ್ಟಾಗಿ ನುಸುಳಿ ಬಂದು ಮೋಸಮಾಡುವ ಒಂದು ತುಂಟ ಪಾತ್ರದ ಹೆಸರು ಕೊಟ್ಟರು. ಆಮೇಲೆ ಸಂಭಾಷಣೆ ಎರಡು ದಿಕ್ಕಿನಲ್ಲಿ ಸಾಗುತ್ತದೆ. ಆ ತುಂಟ ಮಗುವಿಗೆ, ತಾಯಿಗೆ, ತಂದೆಗೆ ಏನೇನು ಮಾಡಿದ್ದಾನೆ ಎಂದು ಕೇಳುವುದು ಒಂದು. ಮಗು ಎಂದಾದರೂ, ಒಂದೇ ಒಂದು ಸಲವಾದರೂ, ಅವನನ್ನು ಸೋಲಿಸಿದ್ದುಂಟೇ ಎಂದು ಹುಡುಕುವುದು ಇನ್ನೊಂದು. ಅಂಥ ಗೆಲುವು ಸಿಕ್ಕರೆ ಅದೇ ಹೊಸ ಕಥೆಯ ಮೊದಲ ಸಾಲು. ಅದನ್ನು ಪತ್ರವಾಗಿ ಬರೆದು ಮಗುವಿಗೆ ಕಳುಹಿಸುವುದು, ಪ್ರಮಾಣಪತ್ರ ಕೊಡುವುದು, ಮನೆಯವರನ್ನು ಸಾಕ್ಷಿಗಳಾಗಿ ಕೂರಿಸುವುದು ಇವೆಲ್ಲ ಈ ಕ್ರಮದ ಭಾಗಗಳೇ.

ಭದ್ರಾವತಿಯ ಒಂದು ಮನೆಯಲ್ಲಿ ಇದು ಹೇಗೆ ನಡೆಯಿತೆಂದು ಹೇಳಿದರೆ ವಿಷಯ ಸ್ಪಷ್ಟವಾದೀತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇವೆ. ಒಂದಕ್ಕಿಂತ ಹೆಚ್ಚು ಮನೆಗಳ ಅನುಭವ ಇದರಲ್ಲಿ ಬೆರೆತಿದೆ. ಆ ಊರಿನ ಹಿನ್ನೆಲೆಯನ್ನು ಓದುಗರು ಬಲ್ಲರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ, ಇವೆರಡನ್ನು ನಂಬಿ ಬಂದ ಕನ್ನಡ, ತಮಿಳು, ತೆಲುಗು ಮಾತಾಡುವ ಕುಟುಂಬಗಳು. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ. 2023ರ ಆರಂಭದಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಇಂಥ ಸುದ್ದಿ ಪತ್ರಿಕೆಯಲ್ಲಿ ಉದ್ಯೋಗದ ಸುದ್ದಿಯಾಗಿ ಬರುತ್ತದೆ. ಮನೆಯೊಳಗೆ ಅದು ತಂದೆಯ ಮೌನವಾಗಿ ಕೂರುತ್ತದೆ.

ಎಂಟು ವರ್ಷದ ಹುಡುಗ. ರಾತ್ರಿ ಹಾಸಿಗೆಯಲ್ಲಿ ಮೂತ್ರ ಹೋಗುತ್ತಿತ್ತು. ತಾಯಿ ದೃಷ್ಟಿ ತೆಗೆಸಿದ್ದರು, ಬೇರೊಂದು ಕಡೆ ತಾಯಿತ ಕಟ್ಟಿಸಿದ್ದರು, ಕೊನೆಗೆ ನಮ್ಮಲ್ಲಿಗೆ ಬಂದರು. ನಾವು ಮೊದಲು ವೈದ್ಯರ ಬಳಿ ಕಳುಹಿಸಿದೆವು, ಏಕೆಂದರೆ ಮೂತ್ರದ ಸೋಂಕು, ಮಧುಮೇಹ, ಮಲಬದ್ಧತೆ ಇವುಗಳಿಂದಲೂ ಹೀಗಾಗುವುದುಂಟು. ದೇಹದಲ್ಲಿ ದೋಷವಿಲ್ಲವೆಂದು ತಿಳಿದ ಮೇಲೆ ಮನೆಯಲ್ಲೇ ಕುಳಿತು ಮಾತಾಡಿದೆವು. ತಂದೆ ಕುರ್ಚಿಯಲ್ಲಿ, ತಾಯಿ ಅಡುಗೆಮನೆಯ ಬಾಗಿಲಲ್ಲಿ, ಅಜ್ಜಿ ಚಾಪೆಯ ಮೇಲೆ. "ರಾತ್ರಿ ಬಂದು ನಿನ್ನ ಹಾಸಿಗೆ ಒದ್ದೆ ಮಾಡಿ ಹೋಗುವವನು ಯಾರು? ಅವನಿಗೊಂದು ಹೆಸರು ಬೇಕಲ್ಲ" ಎಂದು ಕೇಳಿದೆವು. ಹುಡುಗ ಬಹಳ ಹೊತ್ತು ಸುಮ್ಮನಿದ್ದು "ಕಳ್ಳಮಳೆ" ಎಂದ. ಮಲೆನಾಡಿನ ಸೆರಗಿನಲ್ಲಿ ಬೆಳೆದ ಮಗುವಿನ ಹೆಸರು ಅದು, ನಮಗೆ ಹೊಳೆಯುತ್ತಿರಲಿಲ್ಲ.

ಕಳ್ಳಮಳೆ ಯಾವ ದಿನ ಬರುತ್ತದೆ? ಅಪ್ಪ ಅಮ್ಮ ಜೋರಾಗಿ ಮಾತಾಡಿದ ದಿನ. ಅದು ಏನನ್ನು ಕಸಿದುಕೊಂಡಿದೆ? ರಜೆಯಲ್ಲಿ ಶಿವಮೊಗ್ಗದ ಚಿಕ್ಕಮ್ಮನ ಮನೆಯಲ್ಲಿ ಮಲಗುವ ಭಾಗ್ಯವನ್ನು. ಅಮ್ಮನಿಗೇನು ಮಾಡಿದೆ? ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಚಾದರ ಒಗೆಸುತ್ತದೆ, ಬೈಯುವಂತೆ ಮಾಡುತ್ತದೆ. ಎಂದಾದರೂ ಬಾರದೆ ಹೋದದ್ದುಂಟೇ? ಅಜ್ಜಿ ನೆನಪು ಮಾಡಿಕೊಂಡರು: ಅವರ ಪಕ್ಕದಲ್ಲಿ ಮಲಗಿ ಕಥೆ ಕೇಳಿದ ಎರಡು ರಾತ್ರಿ ಹಾಸಿಗೆ ಒಣಗಿತ್ತು. ಹಿಂದೆ ನಾಟಿಗೆ ಹೋಗುವಾಗ ತಾವು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬಿನ ವಿಷಯವನ್ನೂ ಅವರೇ ತೆಗೆದರು. ಹುಡುಗ ಗೊರಬಿನ ಚಿತ್ರ ಬರೆದು ದಿಂಬಿನ ಬಳಿ ಅಂಟಿಸಿದ. ಮಲಗುವ ಮುಂಚೆ ಬಚ್ಚಲಿಗೆ ಹೋಗಿಬರುವುದಕ್ಕೆ ಗೊರಬು ಹಾಕಿಕೊಳ್ಳುವುದು ಎಂದು ಮನೆಯಲ್ಲಿ ಹೆಸರಾಯಿತು. ಅದುವರೆಗೆ ಬಾಯಿ ಬಿಡದಿದ್ದ ತಂದೆ ಕೊನೆಯಲ್ಲಿ ಒಂದು ಮಾತು ಹೇಳಿದರು: "ಫಾದರ್, ನನಗೂ ರಾತ್ರಿ ನಿದ್ದೆ ಬರಲ್ಲ. ನನ್ನದು ಬೇರೆ ಮಳೆ." ಗಂಡನ ಬಾಯಿಂದ ಆ ಮಾತನ್ನು ತಾಯಿ ಕೇಳಿದ್ದು ಅಂದೇ ಮೊದಲು.

ಕಥೆ ಹೇಳದೆ ಉಳಿದರೆ ಮನೆಗೆ ಏನಾಗುತ್ತದೆ ಎಂಬುದನ್ನು ನಮ್ಮ ಜನಪದರು ಬಲ್ಲರು. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಯೊಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು; ಯಾರಿಗೂ ಹೇಳಿರಲಿಲ್ಲ. ಉಸಿರುಕಟ್ಟಿದ ಅವೆರಡೂ ಅವಳು ಮಲಗಿದ್ದಾಗ ಹೊರಬಂದು, ಒಂದು ಜೋಡಾಗಿ ಬಾಗಿಲಲ್ಲಿ ಕೂತಿತು, ಇನ್ನೊಂದು ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ಯಾರು ಬಂದಿದ್ದರೆಂದು ಸಂಶಯಪಟ್ಟು ಜಗಳವಾಡಿದ. ಹೇಳದ ಕಥೆ ಸಂಶಯವಾಗುವ ಈ ಪರಿಯನ್ನು ಕುಟುಂಬ ಸಮಾಲೋಚನೆಯ ಯಾವ ಪಠ್ಯವೂ ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾವು ಕಂಡಿಲ್ಲ. ಶಿವಮೊಗ್ಗದಲ್ಲಿಯೂ ಈ ಅರಿವಿಗೆ ದೊಡ್ಡ ಪರಂಪರೆಯುಂಟು: ಮನೋವೈದ್ಯರಾದ ಡಾ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೂ ಮನಸ್ಸಿನ ಕಾಯಿಲೆಗಳನ್ನು ಕನ್ನಡದ ಕಥೆ ಮತ್ತು ಚಲನಚಿತ್ರಗಳ ಮೂಲಕ ಜನರಿಗೆ ತಿಳಿಸುತ್ತ ಬಂದರು.

ದೈವಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತುತ್ತಾರೆ, ಎತ್ತಲೇಬೇಕು. ತಪ್ಪನ್ನು ಹೊರಗಿನ ಯಾವುದೋ ಕಳ್ಳನ ತಲೆಗೆ ಕಟ್ಟಿದರೆ ಮಗುವಿನ ಹೊಣೆಗಾರಿಕೆ ಏನಾಯಿತು? ಆದಿಕಾಂಡದ ನಾಲ್ಕನೆಯ ಅಧ್ಯಾಯವನ್ನು ಮತ್ತೆ ಓದುವುದು ಒಳ್ಳೆಯದು. ಕಾಯಿನನ ಮುಖ ಕಳೆಗುಂದಿದಾಗ ದೇವರು ಅವನನ್ನು ಕೋಪಿಷ್ಠನೆಂದು ಕರೆಯುವುದಿಲ್ಲ. ಏಕೆ ಕೋಪ ಎಂದು ಕೇಳುತ್ತಾರೆ. ಪಾಪವು ಬಾಗಿಲಲ್ಲಿ ಹೊಂಚುಹಾಕಿ ಮಲಗಿರುವ ಮೃಗದಂತಿದೆ, ಅದಕ್ಕೆ ನಿನ್ನ ಮೇಲೆ ಆಸೆ, ಆದರೆ ನೀನು ಅದನ್ನು ಆಳಬೇಕು ಎಂಬುದು ಆ ಮಾತಿನ ಸಾರ. ಇಲ್ಲಿ ಬಳಸಿರುವ ಹೀಬ್ರೂ ಪದಕ್ಕೂ ಬಾಗಿಲು ಕಾಯುವ ಭೂತವನ್ನು ಸೂಚಿಸುವ ಅಕ್ಕಾಡಿಯನ್ ಪದಕ್ಕೂ ನಂಟಿದೆಯೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಪಾಪವೂ ಕಾಯಿನನೂ ಒಂದೇ ಅಲ್ಲ. ಅದಕ್ಕಾಗಿಯೇ ಅವನು ಅದನ್ನು ಆಳಬಲ್ಲ, ಆಳಬೇಕು. ಹೊರಗೆ ನಿಂತದ್ದನ್ನು ಎದುರಿಸಬಹುದು, ತಾನೇ ಆಗಿರುವುದನ್ನು ಎದುರಿಸಲು ಯಾವ ಮಗುವಿನಿಂದ ಸಾಧ್ಯ? (ಕಾಯಿನನು ಆ ಮಾತು ಕೇಳಲಿಲ್ಲವೆಂಬುದೂ ನಿಜ. ದೇವರೇ ನಡೆಸಿದ ಸಮಾಲೋಚನೆ ವಿಫಲವಾದದ್ದನ್ನು ನೆನೆದರೆ ನಮ್ಮಂಥವರಿಗೆ ಸ್ವಲ್ಪ ಸಮಾಧಾನ.)

ಮೊದಲ ಪಾಪನಿವೇದನೆಗೆ ಮಕ್ಕಳನ್ನು ಸಿದ್ಧಗೊಳಿಸುವಾಗ ಇದೇ ವಿವೇಕ ಬೇಕು. ಶಿವಮೊಗ್ಗದ ಧರ್ಮೋಪದೇಶ ತರಗತಿಗಳಲ್ಲಿ ಮಕ್ಕಳು "ನಾನು ಸುಳ್ಳುಗಾರ", "ನಾನು ಸೋಮಾರಿ" ಎಂದು ಬರೆದುಕೊಂಡು ಬರುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಅವು ಪಾಪಗಳಲ್ಲ, ದೊಡ್ಡವರು ಅಂಟಿಸಿದ ಬಿರುದುಗಳು. "ಸುಳ್ಳು ಹೇಳಿದೆ" ಎನ್ನುವುದು ನಿವೇದನೆ. ಅದನ್ನು ಕ್ಷಮಿಸಬಹುದು, ತಿದ್ದಬಹುದು. ತಮ್ಮನಿಗೆ ಹೊಡೆದ ಹುಡುಗಿ ತನ್ನ ಕೋಪಕ್ಕೆ ಎಷ್ಟೇ ಚೆಂದದ ಹೆಸರಿಟ್ಟರೂ ತಮ್ಮನ ಬಳಿ ಹೋಗಿ ಕ್ಷಮೆ ಕೇಳಲೇಬೇಕು. ಹಾಸಿಗೆ ಒದ್ದೆಯಾಗುವುದಾದರೋ ಪಾಪವೇ ಅಲ್ಲ. ಇವೆರಡನ್ನು ಬೆರೆಸುವ ಗುರು ಮಗುವಿನ ಅಂತಃಕರಣವನ್ನು ಕೆಡಿಸುತ್ತಾನೆ.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ಅದರಲ್ಲಿ ನಾವೇ ಎಡವಿದ್ದೇವೆ. ಗುರುದೀಕ್ಷೆಯಾದ ಹೊಸದರಲ್ಲಿ, ರಾತ್ರಿ ಕಿರುಚಿಕೊಂಡು ಏಳುತ್ತಿದ್ದ ಹುಡುಗಿಯೊಬ್ಬಳನ್ನು ಕರೆತಂದರು. ಮನೆಯವರ ಒತ್ತಾಯಕ್ಕೆ ಮಣಿದು, ಅವಳೆದುರಿಗೇ ದುಷ್ಟಾತ್ಮದ ಹೆಸರೆತ್ತಿ ಗಟ್ಟಿಯಾಗಿ ಪ್ರಾರ್ಥಿಸಿದೆವು. ಅಂದಿನಿಂದ ಆ ಮಗು ಒಬ್ಬಳೇ ಬಚ್ಚಲಿಗೂ ಹೋಗಲಿಲ್ಲ. ಶಾಲೆಯಲ್ಲಿ ಅವಳಿಗೆ ದೆವ್ವದ ಹುಡುಗಿ ಎಂದು ಹೆಸರಾಯಿತು. ಆ ಕುಟುಂಬ ಊರು ಬಿಟ್ಟ ಮೇಲೆ ಅವಳನ್ನು ಮತ್ತೆ ನೋಡಲಾಗಲಿಲ್ಲ. ಮೇಲ್ನೋಟಕ್ಕೆ ಇದೂ ಬಾಹ್ಯೀಕರಣವೇ: ಸಮಸ್ಯೆ ಹೊರಗಿನದು ಎಂದೆವಲ್ಲ? ವ್ಯತ್ಯಾಸವಿರುವುದು ಇಲ್ಲಿ. ಕಳ್ಳಮಳೆ ಎಂಬ ಹೆಸರು ಮಗುವಿನದು, ಅದು ಆಟವೆಂದು ಎಲ್ಲರಿಗೂ ಗೊತ್ತು, ಮತ್ತು ಅದು ಮಗುವಿಗಿಂತ ಚಿಕ್ಕದು. ದೆವ್ವವೆಂಬ ಹೆಸರು ದೊಡ್ಡವರದು, ಅದು ಮಗುವಿಗಿಂತ ದೊಡ್ಡದು, ಅದರೆದುರು ಮಗುವಿಗೆ ಮಾಡಲು ಏನೂ ಉಳಿದಿರುವುದಿಲ್ಲ. ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಭೂತೋಚ್ಚಾಟನೆ ನಡೆಸಬಾರದೆಂಬ ಧರ್ಮಸಭಾ ಕಾನೂನಿನ 1172ನೆಯ ಕಟ್ಟಳೆಯನ್ನು ನಾವು ಪರೀಕ್ಷೆಗಾಗಿ ಓದಿದ್ದೆವು, ಆ ಮಗುವಿನ ಮುಂದೆ ನೆನಪಾಗಲಿಲ್ಲ.

ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ, ಬಿದ್ದು ಒದ್ದಾಡುತ್ತಿದ್ದ ಹುಡುಗನೆದುರು ಯೇಸುಸ್ವಾಮಿ ಮೊದಲು ಮಾಡಿದ್ದೇನು? ಇದು ಎಂದಿನಿಂದ ಹೀಗಾಗುತ್ತಿದೆ ಎಂದು ತಂದೆಯನ್ನು ಕೇಳಿದರು. ತಂದೆಗೆ ಹೇಳಲು ಅವಕಾಶ ಸಿಕ್ಕಿತು. ಹೇಳುತ್ತ ಹೇಳುತ್ತ ಅವನ ಸ್ವಂತ ಅಪನಂಬಿಕೆಯೂ ಹೊರಬಂತು. ಗುಣವಾದದ್ದು ಮಗ, ಸಹಾಯ ಬೇಡಿದ್ದು ತಂದೆ ತನಗಾಗಿ ಕೂಡ. ನಮ್ಮ ಪ್ರಬೋಧನೆಗಳಲ್ಲಿ ಈ ಪ್ರಶ್ನೆಯನ್ನು ದಾಟಿ ನೇರವಾಗಿ ಅದ್ಭುತಕ್ಕೆ ಹೋಗಿಬಿಡುತ್ತೇವೆ. ಇನ್ನು ಆಟವು ಗುರುವಿನ ಗಾಂಭೀರ್ಯಕ್ಕೆ ತಕ್ಕುದಲ್ಲ ಎನ್ನುವವರಿಗೆ ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ದೇವರೆದುರು ನಲಿದಾಡುವ ಜ್ಞಾನವನ್ನು ತೋರಿಸಿದರೆ ಸಾಕು. ಮಿತವಾದ ವಿನೋದವನ್ನು ಸದ್ಗುಣವೆಂದು ಸಂತ ಥಾಮಸ್ ಅಕ್ವಿನಾಸರೇ ಎಣಿಸಿದ್ದಾರೆ.

ಮಿತಿಗಳನ್ನೂ ಹೇಳಬೇಕು. ಒಂದು ಲೇಖನ ಓದಿ ಯಾರೂ ಚಿಕಿತ್ಸಕರಾಗುವುದಿಲ್ಲ. ಮಗು ಊಟ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ, ಮೂರ್ಛೆ ಹೋಗುತ್ತಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಅಥವಾ ಬೇರೆ ತಜ್ಞರಲ್ಲಿಗೆ ಕಳುಹಿಸಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿನ ಮೇಲೆ ದೊಡ್ಡವರು ಎಸಗಿದ ದೌರ್ಜನ್ಯಕ್ಕೆ ಆಟದ ಹೆಸರು ಇಡಕೂಡದು. ಅಲ್ಲಿ ಸಮಸ್ಯೆ ಒಬ್ಬ ಮನುಷ್ಯ. ಅವನಿಗೆ ಹೆಸರು ಈಗಾಗಲೇ ಇದೆ. 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮು, ಲೈಂಗಿಕ ದೌರ್ಜನ್ಯ ತಿಳಿದುಬಂದವರೆಲ್ಲರೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ಮನೆಭೇಟಿಯಲ್ಲಿ ಕೇಳಿದ ಮಾತು ಪಾಪನಿವೇದನೆಯ ಮುದ್ರೆಯೊಳಗೆ ಬರುವುದಿಲ್ಲ. ಆದ್ದರಿಂದ ಇಂಥ ಸಂಭಾಷಣೆಗಳನ್ನು ಪಾಪನಿವೇದನೆಯ ಪೀಠದಿಂದ ದೂರ, ಮನೆಯವರೆದುರಿಗೆ, ಬಾಗಿಲು ತೆರೆದಿಟ್ಟು ನಡೆಸುವುದೇ ಕ್ಷೇಮ.

ಭದ್ರಾವತಿಯ ಹುಡುಗನ ಹಾಸಿಗೆ ಎರಡು ತಿಂಗಳು ಹೆಚ್ಚುಕಡಿಮೆ ಒಣಗಿತ್ತು. ತಂದೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ವಾರ ಕಳ್ಳಮಳೆ ಮತ್ತೆ ಬಂತು. ನಾವು ಹೋದಾಗ ಅಜ್ಜಿ ಅವನಿಗೆ, 1990ರ ದಶಕದಲ್ಲಿ ಜನರು ದೆವ್ವವನ್ನು ಏಮಾರಿಸಲು ಮನೆಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದ ಕಥೆಯನ್ನು ನಗುತ್ತ ಹೇಳುತ್ತಿದ್ದರು. ಹುಡುಗ ಸೀಮೆಸುಣ್ಣ ತಂದು ಮಂಚದ ಕಾಲಿನ ಮೇಲೆ ಅದನ್ನೇ ಬರೆದ. ಬರೆದು, ಕಳ್ಳಮಳೆಗೆ ಓದಲು ಬರುತ್ತದೆಯೇ ಎಂದು ಕೇಳಿದ.

"ಬರದಿದ್ರೆ ನಾನೇ ಓದಿ ಹೇಳ್ತೀನಿ, ನೀನು ಮಲಗು ಮಗಾ" ಎಂದರು ಅಜ್ಜಿ.